ಸುರುಳಿಯ ಅಂಚಿನ ತುಂಡು

ನಾನು ಅಂಗೈಯುದ್ದದ ಒಂದು ಪ್ಲಾಸ್ಟಿಕ್ ಪಟ್ಟಿ. ಬಿಸಿಲು ಬಿದ್ದರೆ ಕರೆಂಟು ಕೊಡುತ್ತೇನೆ. ತಾರಸಿಯ ಮೇಲೆ ಗಾಜಿನ ಹಲಗೆಯಾಗಿ ಕೂರುವ ಸಿಲಿಕಾನ್ ದೊಡ್ಡಮನುಷ್ಯರ ಪೈಕಿಯಲ್ಲ. ನನ್ನ ಮೈಮೇಲಿರುವುದು ಬಿಸಿಲನ್ನು ಕರೆಂಟು ಮಾಡುವ ಪಾಲಿಮರ್ ಶಾಯಿ. ನನ್ನನ್ನು ಸುತ್ತಿ ಜೇಬಿನಲ್ಲಿಟ್ಟುಕೊಳ್ಳಬಹುದು.

ನಾನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಬಿಸ್ಕತ್ತಿನ ಪೊಟ್ಟಣ ಮುದ್ರಿಸುವ ಒಂದು ಪ್ರೆಸ್ಸಿನಲ್ಲಿ. ನನಗಿಂತ ಮೊದಲು ಧಾರವಾಡದ ಲ್ಯಾಬಿನಲ್ಲಿ ಅಕ್ಕ ಹುಟ್ಟಿದ್ದಳು. ಅದೇ ಶಾಯಿ ಹಚ್ಚಿದ, ಉಗುರಿನಷ್ಟು ಗಾಜಿನ ಚೂರು. ಗಾಳಿ ಸೋಕದ ನೈಟ್ರೋಜನ್ ಪೆಟ್ಟಿಗೆಯಲ್ಲಿ, ವಿಷದ ದ್ರಾವಕ ಬಳಸಿ ಮಾಡಿದ್ದು. ಹತ್ತಾರು ಚೂರುಗಳಲ್ಲಿ ಚೆನ್ನಾಗಿ ಬಂದದ್ದೊಂದನ್ನು ಆರಿಸಿ, ಲ್ಯಾಬಿನ ದೀಪದಡಿ ಅದು ಕೊಟ್ಟ ಕರೆಂಟಿನ ಅಂಕಿಯನ್ನೇ ಊರಿಗೆಲ್ಲ ಹೇಳುವುದು ಆ ಲ್ಯಾಬಿನ ರೂಢಿ. ಹಾಗೆ ಆರಿಸಿಕೊಂಡವಳು ಅಕ್ಕ. ಎಷ್ಟು ಜಂಬ ಅಂತೀರಿ!

ಅವಳನ್ನು ಮಾಡಿದ ಶೈಲಜಾ ಹೊಸಮನಿಗೆ ಮಾತ್ರ ಸಮಾಧಾನವಿರಲಿಲ್ಲ. ಉಗುರಿನಷ್ಟರಿಂದ ಯಾರ ಮನೆಯ ದೀಪ ಉರಿದೀತು? ವಿಷವಿಲ್ಲದ ದ್ರಾವಕದಲ್ಲಿ, ಬಯಲು ಗಾಳಿಯಲ್ಲಿ, ಉದ್ದನೆಯ ಪ್ಲಾಸ್ಟಿಕ್ ಸುರುಳಿಯ ಮೇಲೆ ಅದೇ ಶಾಯಿ ಹಚ್ಚಬೇಕೆಂದು ಹಟ ಹಿಡಿದಳು. ಪ್ರೆಸ್ಸಿನ ಮಾಲೀಕ ಇರ್ಫಾನ್ ನದಾಫ್ ಒಪ್ಪಿದ.

"ಒಂದು ದಿನ ಮಷಿನ್ ಬಿಟ್ಟಕೊಡ್ತೀನ್ರಿ ಮೇಡಮ್. ಆದ್ರ ಆತು, ಇಲ್ಲಾಂದ್ರ ನಾಳೆಯಿಂದ ಮತ್ತ ಬಿಸ್ಕೀಟ್ ಪಾಕೀಟ," ಎಂದ.

ಬೇರೆ ಪ್ರೆಸ್ಸಿನವರು ಅವಳನ್ನು ಒಳಗೇ ಬಿಟ್ಟಿರಲಿಲ್ಲ. ಇಲ್ಲಿ ಕೆಟ್ಟರೆ ಅವಳ ಇಷ್ಟು ವರ್ಷದ ಕೆಲಸ ಲ್ಯಾಬಿನ ಕಪಾಟು ಸೇರುತ್ತಿತ್ತು.

ಬೆಳಿಗ್ಗೆ ಹಚ್ಚಿದ ಸುರುಳಿ ಮಬ್ಬುಮಬ್ಬಾಗಿ ಬಂತು. ಹೊಸ ದ್ರಾವಕ ಆರುವುದು ನಿಧಾನ. ಅಷ್ಟರಲ್ಲಿ ಶಾಯಿಯೊಳಗಿನ ಎರಡು ವಸ್ತುಗಳು ಬೇರೆಯಾಗಿ ಗಂಟು ಕಟ್ಟಿದ್ದವು. ಶೈಲಜಾಳ ಮುಖ ಸಪ್ಪಗಾಯಿತು. ಆಮೇಲೆ ಶಾಯಿ ಬೇಗ ಆರಲೆಂದು ರೋಲರನ್ನೇ ಬಿಸಿ ಮಾಡಿಸಿದಳು. "ಹೆಂಚು ಕಾಯೂದಕ್ಕಿಂತ ಮೊದ್ಲ ದ್ವಾಸಿ ಹೊಯ್ದಂಗ ಆಗಿತ್ರಿ," ಎಂದು ತಾನೇ ನಕ್ಕಳು. ಎರಡನೆಯ ಸುರುಳಿ ನುಣ್ಣಗೆ, ನೀಲಿಯಾಗಿ ಇಳಿಯಿತು. ಮೇಲೆ ಕರೆಂಟು ಸಾಗಿಸುವ ಬೆಳ್ಳಿಯ ಗೆರೆಗಳೂ ಬಿದ್ದವು.

ಪರೀಕ್ಷೆ ನೋಡಲು ಲ್ಯಾಬಿನ ಮುಖ್ಯಸ್ಥರಾದ ಕಟ್ಟೀಮನಿ ಮೇಷ್ಟ್ರು ಬಂದಿದ್ದರು. "ನಟ್ಟನಡುವಿಂದು ಒಂದು ಚಲೋ ತುಂಡು ಕತ್ತರ್ಸವಾ. ಅಂಚು ಮುಟ್ಟಬ್ಯಾಡ, ಅಲ್ಲಿ ಶಾಯಿ ತೆಳ್ಳಗಿರ್ತದ," ಎಂದರು.

ಶೈಲಜಾ ಕತ್ತರಿಯನ್ನು ನಡುವಿಗೆ ಒಯ್ದು, ಅಲ್ಲೇ ತಡೆದಳು. ನಾನು ಕಣ್ಣಾರೆ ಕಂಡೆ.

"ಸರ್, ಇವ್ರು ಮಾರೂದು ಇಡೀ ಸುರುಳಿ. ಚಲೋದನ್ನಷ್ಟ ಆರಿಸಿ ತೋರ್ಸಿದ್ರ, ನಾಳೆ ಉಳಿದದ್ದಕ್ಕ ಏನ್ ಹೇಳೂದ್ರಿ?" ಎಂದವಳೇ ಅಂಚಿಗೆ ಕತ್ತರಿ ಹಾಕಿದಳು.

ಹಾಗೆ ಕತ್ತರಿಸಿ ಬಂದದ್ದು ನಾನು. ಇಡೀ ಸುರುಳಿಯಲ್ಲಿ ಅತಿ ಕಳಪೆ ತುಂಡು! ನನಗೆ ಜೀವ ಬಾಯಿಗೆ ಬಂದಿತ್ತು.

ಅಂಗಳದ ಬಿಸಿಲಿಗೆ ಹಿಡಿದು ನನಗೊಂದು ಆಟಿಕೆಯ ಫ್ಯಾನು ಸಿಕ್ಕಿಸಿದರು. ಫ್ಯಾನು ಒಮ್ಮೆ ತಡವರಿಸಿತು, ಆಮೇಲೆ ತಿರುಗಿತು. ಮೀಟರಿನಲ್ಲಿ, ಉಗುರಿನಷ್ಟು ಜಾಗದ ಲೆಕ್ಕಕ್ಕೆ, ನಾನು ಅಕ್ಕನಿಗಿಂತ ಕಡಿಮೆಯೇ. ಆದರೆ ನಡುವಿನ ತುಂಡನ್ನು ಅಳೆದಾಗ ಅದಕ್ಕೂ ನನಗೂ ಹೆಚ್ಚು ಅಂತರವಿರಲಿಲ್ಲ.

"ಅಂಚ ಇಷ್ಟು ಕೊಡ್ತದಂದ್ರ, ಬಿಸ್ಕೀಟ್ ಆಮ್ಯಾಲ ನೋಡೂಣ್ರಿ," ಎಂದ ಇರ್ಫಾನ್. ಶೈಲಜಾ ಅಲ್ಲೇ ನಿಂತು ಅತ್ತುಬಿಟ್ಟಳು. ನನಗೂ ಹೆಮ್ಮೆಯಾಯಿತು, ಯಾಕೆ ಸುಳ್ಳು ಹೇಳಲಿ.

ಈಗ ನನಗೆ ವಯಸ್ಸಾಗಿದೆ. ಪ್ರೆಸ್ಸಿನ ಕಿಟಕಿಗೆ ಅಂಟಿಸಿದ್ದಾರೆ. ನೀಲಿ ಮಾಸಿದೆ, ಫ್ಯಾನು ನಡುಮಧ್ಯಾಹ್ನ ಮಾತ್ರ ತಿರುಗುತ್ತದೆ. ನಮ್ಮ ಜಾತಿಗೆ ಆಯುಷ್ಯ ಕಡಿಮೆ. ಅದನ್ನು ಹೆಚ್ಚಿಸಲು ಶೈಲಜಾ ಇನ್ನೂ ಇಲ್ಲಿಗೆ ಬರುತ್ತಾಳೆ. ಕೆಳಗೆ ನನ್ನ ತಮ್ಮ ತಂಗಿಯರು ಸುರುಳಿಯಾಗಿ ಇಳಿಯುತ್ತಿರುತ್ತಾರೆ. ಪರೀಕ್ಷೆಗೆಂದು ಮೊದಲು ಕತ್ತರಿಸುವುದು ಅಂಚನ್ನೇ.

ಅಕ್ಕ ಇನ್ನೂ ಪೆಟ್ಟಿಗೆಯೊಳಗೆ ಹೊಸದರಂತೆಯೇ ಹೊಳೆಯುತ್ತಿದ್ದಾಳಂತೆ. ಪಾಪ, ಅವಳು ಒಮ್ಮೆಯೂ ಬಿಸಿಲು ಕಂಡಿಲ್ಲ.