ಕಕ್ಕಸಿಗೆ ಬಿದ್ದ ಬೀಗ

"ಹಂದಿಗಾದ್ರೂ ಹೇಲೋ ಜಾಗ, ಮಲಗೋ ಜಾಗ ಬೇರೆ ಅಂತ ಗೊತ್ತಿರ್ತದೆ. ನಿಮಗೆ ಅದೂ ಇಲ್ಲ" ಎನ್ನುತ್ತ ನೈರ್ಮಲ್ಯದ ಇನ್‌ಸ್ಪೆಕ್ಟರ್ ಪಿಮ್, ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಕಕ್ಕಸಿನ ಬಾಗಿಲಿಗೆ ಬೀಗ ಜಡಿದ.

ಬಾಬಿನ್ ವಠಾರದ ಒಂಬತ್ತು ಮನೆಗಳಿಗೆ ಇದ್ದದ್ದು ಅದೊಂದೇ. ಈಸ್ಟರ್ ಹಬ್ಬಕ್ಕೇ ಗುಂಡಿ ತುಂಬಿ ಅಂಗಳಕ್ಕೆ ಹರಿದಿತ್ತು. ೧೯೧೧ರ ಆ ಸುಡುಬೇಸಿಗೆಯಲ್ಲಿ ನೊಣಗಳು ಅಲ್ಲಿಂದೆದ್ದು ನೇರ ತೊಟ್ಟಿಲಿಗೆ ಬರುತ್ತಿದ್ದವು. ಹತ್ತಿಗಿರಣಿಯಲ್ಲಿ ದುಡಿಯುವ ಸೆಲೀನಾಳ ಏಳು ತಿಂಗಳ ಕೂಸು ಭೇದಿ ಹತ್ತಿ ಮೂರೇ ದಿನಕ್ಕೆ ಹೋಯಿತು. ನಗರಸಭೆಯ ವರದಿ ಕಾರಣವನ್ನೂ ಕಂಡುಹಿಡಿದಿತ್ತು: ತಾಯಂದಿರ ಅಜ್ಞಾನ.

"ನಾವೆಲ್ಲಿಗೆ ಹೋಗಾನ ಸ್ವಾಮಿ?" ಸೆಲೀನಾ ಕೇಳಿದಳು.

"ನೋಟೀಸಲ್ಲಿದೆ ನೋಡು. ನೀರು ಬಿಡೋ ಕಕ್ಕಸನ್ನೇ ಬಳಸಬೇಕು."

"ಅದೆಲ್ಲೈತೆ?"

"ಅದು ನನ್ನ ಕೆಲಸ ಅಲ್ಲ."

ನೋಟೀಸಿನ ಕೆಳಗೆ ಆರೋಗ್ಯ ಸಮಿತಿಯ ಅಧ್ಯಕ್ಷ ಹಾರ್ಗ್ರೀವ್ಸ್‌ನ ರುಜು. ವಠಾರದ ಮಾಲೀಕನೂ ಅವನೇ. ಗುಂಡಿ ಬಾಚಿಸಿ ಎಂದು ಸೆಲೀನಾ ಅಂಗಲಾಚಿದ್ದೂ ಅವನ ಮುಂದೆಯೇ.

"ಅಜ್ಜಿ, ನೀರು ಬುಡೋ ಕಕ್ಕಸು ಯಾರ ಮನೇಲೈತೆ?" ಪಿಮ್ ಹೋದ ಮೇಲೆ ಸೆಲೀನಾ ಕೇಳಿದಳು.

ಪಕ್ಕದ ಮನೆಯ ನೆಲ್ ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. "ಹಾರ್ಗ್ರೀವ್ಸ್ ಮನೇಲಿ ಕಣವ್ವ. ಮೆಟ್ಲ ಕೆಳಗೆ, ಬಲಗಡೀಕೆ. ಆ ಮನೆ ಕೆಲ್ಸಕ್ಕಿದ್ದಾಗ ಹತ್ತೊರ್ಸ ನಾನೇ ತಿಕ್ಕಿವ್ನಿ."

ಭಾನುವಾರ ಬೆಳಿಗ್ಗೆ ಇಗರ್ಜಿಯ ಗಂಟೆ ಬಾರಿಸುವಾಗ ವಠಾರದ ಹನ್ನೊಂದು ಮಂದಿ ಹೆಂಗಸರು ಆ ಮನೆಯ ಮುಂದೆ ಸಾಲುಗಟ್ಟಿದರು. ಹಾರ್ಗ್ರೀವ್ಸ್ ಕೊರಳಿಗೆ ಸಿಕ್ಕಿಸಿಕೊಂಡ ಊಟದ ವಸ್ತ್ರದ ಸಮೇತ ನಾಷ್ಟಾ ಬಿಟ್ಟು ಬಂದ.

"ಏನ್ರೇ ಇದು? ಭಾನುವಾರ ಇವತ್ತು!"

"ಭಾನುವಾರಾನೂ ಬತ್ತದೆ ದೊರೆ" ಎಂದಳು ನೆಲ್ ಅಜ್ಜಿ.

ಸೆಲೀನಾ ನೋಟೀಸು ಹಿಡಿದಳು. "ನಿಮ್ದೇ ರುಜು. ಅಪ್ಪಣೆ ಪಾಲಿಸಕ್ ಬಂದೀವಿ."

"ತೊಲಗ್ರೇ ಕೊಳಕು ಮುಂಡೇರಾ! ಪೊಲೀಸ್ರನ್ನ ಕರೀತೀನಿ!"

"ಕರೀರಿ. ಅವ್ರೂ ಸಾಲ್ನಾಗೆ ನಿಂತ್ಕಳ್ಲಿ."

ಪ್ರಾರ್ಥನೆಗೆ ಹೊರಟಿದ್ದ ದೊಡ್ಡಮನೆಯವರು ಬೀದಿಯಲ್ಲಿ ನಿಂತು ನೋಡತೊಡಗಿದರು. ಅವರಿಗೆ ನಮಸ್ಕರಿಸಲು ಹಾರ್ಗ್ರೀವ್ಸ್ ಬಾಗಿಲಿಗೆ ಅಡ್ಡ ಇಟ್ಟಿದ್ದ ಕೈ ತೆಗೆದ. ಆ ಸಂದಿನಲ್ಲೇ ಸೆಲೀನಾ ಒಳಗೆ ನುಗ್ಗಿ, ಮೆಟ್ಟಿಲ ಕೆಳಗಿನ ಕೋಣೆಯ ಚಿಲಕ ಹಾಕಿಕೊಂಡಳು.

ಬಿಳೀ ಪಿಂಗಾಣಿಯ ಮೇಲೆ ನೀಲಿ ಹೂಗಳು. ಅವಳ ಮನೆಯ ತಟ್ಟೆಗಳ ಮೇಲೂ ಅಂಥ ಹೂಗಳಿರಲಿಲ್ಲ. ಕೆಲಸ ಮುಗಿಸಿ ಸರಪಳಿ ಎಳೆದಳು. ನೀರು ಭೋರೆಂದು ಧುಮುಕಿತು. ಸತ್ತ ಕೂಸಿನ ಮೈ ತೊಳೆಯಲು ಒಂದು ಬಕೆಟ್ ನೀರಿಗಾಗಿ ಅವಳು ಬೀದಿಯ ನಲ್ಲಿಯ ಮುಂದೆ ಅರ್ಧ ಗಂಟೆ ಕಾದಿದ್ದಳು.

ಹೊರಗಿನಿಂದ ಹಾರ್ಗ್ರೀವ್ಸ್ ಬಾಗಿಲು ಗುದ್ದುತ್ತಿದ್ದ. ತಲೆಯ ಮೇಲಿನ ನೀರಿನ ತೊಟ್ಟಿ ಮತ್ತೆ ತುಂಬುವವರೆಗೂ ಅವಳು ನಿಂತೇ ಇದ್ದಳು. ಇನ್ನೊಮ್ಮೆ ಎಳೆದಳು. ಆಮೇಲೆ ಚಿಲಕ ತೆಗೆದಳು. ಅಷ್ಟರಲ್ಲಿ ಆಚೆಯ ವಠಾರದವರೂ ಬಂದು ಸೇರಿ ಸಾಲು ಬೀದಿಯ ತಿರುವು ಮುಟ್ಟಿತ್ತು.

"ಮುಂದಿನೋರು ಬರ್ರವ್ವ" ಎಂದಳು.