ಮಾಳಿಗೆಯ ಸೌದೆ

ಹಳೆಯ ಒಲೆ ಕಿತ್ತು ಹಾಕಿಸಿದ ಹೊಸ ಕಬ್ಬಿಣದ ಒಲೆಯ ಹೊಗೆಕೊಳವೆ, ಮಾಳಿಗೆಯ ಮೇಲೆ ಸೌದೆ ರಾಶಿಗೆ ತಾಗಿಕೊಂಡೇ ಎದ್ದಿತ್ತು. ಒಂದು ಕಿಡಿ ಹಾರಿದರೆ ಮನೆಯೇ ಉರಿದುಹೋಗುತ್ತದೆಂದು ಸೊಸೆ ಚುಸ್ಕಿತ್‌ಗೆ ಗೊತ್ತಿತ್ತು. ನೀರು ಹೊತ್ತು, ಹಸುಗಳಿಗೆ ಹುಲ್ಲು ಹಾಕಿ ಅವಳ ಸೊಂಟ ಬಿದ್ದುಹೋಗಿತ್ತು. ಆದರೂ ಸೌದೆ ಸರಿಸಲು ಏಣಿ ಹತ್ತಿದಳು.

"ಮುಟ್ಟಬೇಡ!" ಅತ್ತೆ ದಿಸ್ಕಿತ್ ಕೆಳಗಿನಿಂದ ಕೂಗಿದಳು. "ನಮ್ಮತ್ತೆ ಕಾಲದಿಂದ ಪೇರಿಸಿಟ್ಟಿದ್ದು ಅದು. ಬೋಳು ಮಾಳಿಗೆ ನೋಡಿದ್ರೆ ಲೇಹ್ ರಸ್ತೇಲಿ ಹೋಗೋರೆಲ್ಲ ನಮ್ಮನೆ ಬರಿದಾಯ್ತು ಅಂತಾರೆ."

"ಹಾಗಾದ್ರೆ ನಾನು ಒಲೆ ಹಚ್ಚಲ್ಲ, ಅಮಾ-ಲೇ," ಎಂದಳು ಚುಸ್ಕಿತ್, ಅಮ್ಮ ಎಂದು ಮರ್ಯಾದೆಯಿಂದಲೇ ಕರೆದು.

ಜಗಳವಾಡುವ ತ್ರಾಣ ಅವಳಿಗಿರಲಿಲ್ಲ. ಕೆಳಗಿಳಿದು, ತಣ್ಣನೆಯ ಒಲೆಯ ಮುಂದೆ ಕಂಬಳಿ ಹೊದ್ದು ಕೂತಳು. ಅತ್ತೆಯೂ ಎದುರು ಕೂತಳು. ಬಟ್ಟಲಲ್ಲಿ ಬೆಳಗಿನ ಬೆಣ್ಣೆ ಚಹಾ ಹೆಪ್ಪುಗಟ್ಟಿತು. ಅತ್ತೆಯ ಹಲ್ಲು ಕಟಕಟ ಎಂದವು.

"ಬೆಂಕಿ ಪೊಟ್ಟಣ ಎಲ್ಲಿ?"

"ನನ್ನ ಜೇಬಲ್ಲಿ."

"ನಿನ್ನಂಥ ಹಟಮಾರಿ ಕತ್ತೆ ನಮ್ಮ ಕೊಟ್ಟಿಗೇಲೂ ಇಲ್ಲ," ಎಂದು ಗೊಣಗುತ್ತ ಅತ್ತೆ ಎದ್ದಳು. "ಬಾ, ರಸ್ತೆ ಕಡೆ ಅಂಚಿಗೆ ಪೇರಿಸೋಣ. ಕೊಳವೆಗೂ ದೂರ. ಬಸ್ಸಲ್ಲಿ ಹೋಗೋರಿಗೂ ಕಾಣುತ್ತೆ."

ಸೌದೆ ಹೊರಬೇಕಾದವಳು ತಾನೇ ಎಂದು ಚುಸ್ಕಿತ್‌ಗೆ ಗೊತ್ತಿತ್ತು. ಇವತ್ತಾದರೂ ಕಿಡಿಯ ಭಯವಿಲ್ಲದೆ ಬೆಚ್ಚಗೆ ಮಲಗಬಹುದು ಎಂದುಕೊಂಡು ಕಂಬಳಿ ಸರಿಸಿದಳು.