ಪ್ರಗತಿ ಅಳೆಯಲು ಬಂದ ಮೇಡಂ

"ಲೇ, ಕೈಗೇನು ಲಕ್ವ ಹೊಡೆದಿದೆಯೇನೇ? ಗಂಟೆಗೆ ಎಪ್ಪತ್ತು ಕಾಲರ್ ಅಂದ್ರೆ ಎಪ್ಪತ್ತು. ಗಂಡನ ಅಂಗಿಗೆ ತೇಪೆ ಹಾಕ್ತಿದೀನಿ ಅನ್ಕೊಂಡ್ಯಾ, ಮುಂಡೇದೇ?"

ಸೂಪರ್‌ವೈಸರನ ಬೈಗುಳ ಕಾಲರಕ್ಕನಿಗೆ ಹೊಸದಲ್ಲ. ಹನ್ನೊಂದು ವರ್ಷ ಈ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಕಾಲರನ್ನೇ ಹೊಲಿದು ಆ ಹೆಸರು ಗಿಟ್ಟಿಸಿದವಳು. ಪೂರ್ತಿ ಅಂಗಿ ಹೊಲಿಯೋದು ಅವಳಿಗೆ ಇವತ್ತಿಗೂ ಬಾರದು. ಎದುರು ಮಾತಾಡಿದವಳು ಮರುದಿನ ಗೇಟಿನಾಚೆ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಅಷ್ಟರಲ್ಲಿ ಅವನ ನಾಲಿಗೆಯಲ್ಲಿ ಜೇನು ಸುರಿಯತೊಡಗಿತು. ಯೂನಿವರ್ಸಿಟಿಯ ಮೇಡಂ ಬಂದಿದ್ದರು. ಬಡ ದೇಶದ ಜನ ಹೊಲ ಬಿಟ್ಟು ಫ್ಯಾಕ್ಟರಿಗೆ ಬಂದರೆ ಅವರ ತಲೆ ಎಷ್ಟು ಮುಂದುವರಿಯುತ್ತದೆ ಎಂದು ಅಳೆಯುವುದು ಅವರ ಕಸುಬು. ಕಾಲರಕ್ಕನ ಪಕ್ಕ ಸ್ಟೂಲು ಎಳೆದು ಕೂತು ಪ್ರಶ್ನೆಪಟ್ಟಿ ಬಿಚ್ಚಿದರು. ಪೇಪರ್ ಓದುತ್ತೀರಾ, ವೋಟು ಯಾರಿಗೆ ಹಾಕಬೇಕೆಂದು ನೀವೇ ಯೋಚಿಸುತ್ತೀರಾ ಎಂದು ಕೇಳಿದ್ದಕ್ಕೆಲ್ಲ ಸೂಪರ್‌ವೈಸರನೇ ಹೌದು ಹೌದು ಅಂದ. ಇವಕ್ಕೆ ಅಷ್ಟೆಲ್ಲ ಬಾಯಿ ಬರಲ್ಲ ಎಂದು ಸಬೂಬೂ ಕೊಟ್ಟ.

ನಿಮ್ಮ ಕಷ್ಟಕ್ಕೆ ಹಣೆಬರಹ ಕಾರಣವೋ, ಮನುಷ್ಯರೋ ಎಂದು ಮೇಡಂ ಕೇಳಿದರು.

"ಮನುಷ್ಯರೇ. ಒಬ್ಬರು ಇಲ್ಲೇ ನಿಂತಿದ್ದಾರಲ್ಲ," ಅಂದಳು ಕಾಲರಕ್ಕ.

ಹಿಂದಿನ ಸಾಲಿನ ಹೆಂಗಸರು ಬಾಯಿಗೆ ಬಟ್ಟೆ ಒತ್ತಿಕೊಂಡರು. ಮೇಡಂ ನಗಲಿಲ್ಲ, ಮುಂದಿನದಕ್ಕೆ ಹೋದರು. ಇಲ್ಲಿಗೆ ಬಂದ ಮೇಲೆ ನಿಮ್ಮ ಬದುಕಿನ ತೀರ್ಮಾನ ನಿಮ್ಮದೇನಾ?

"ಹೌದು ಅಂತ ಬರ್ಕೊಳ್ಳಿ," ಅಂದ ಸೂಪರ್‌ವೈಸರ್.

"ತಡೀರಿ ತಾಯಿ," ಅಂದಳು ಅವಳು. "ಊರಲ್ಲಿ ಒಡೆಯನ ಹೊಲದಲ್ಲಿ ಕಳೆ ಕೀಳ್ತಿದ್ದೆ. ಆ ಬಡ್ಡೀಮಗ ಬಾಯಿಗೆ ಬಂದ ಹಾಗೆ ಬೈತಿದ್ದ. ಆದ್ರೆ ಉಚ್ಚೆ ಬಂದ್ರೆ ಬದುವಿನಾಚೆ ಹೋಗಿ ಬರ್ತಿದ್ದೆ, ಯಾವನನ್ನೂ ಕೇಳ್ತಿರ್ಲಿಲ್ಲ. ಇಲ್ಲಿ ಪಾಯಿಖಾನೆ ಬೀಗದ ಕೈ ಇವನ ಸೊಂಟದಲ್ಲಿದೆ. ದಿನಕ್ಕೆ ಎರಡೇ ಸಲ. ಅದಕ್ಕೇ ಬೆಳಗ್ಗಿಂದ ನಾನು ನೀರೇ ಕುಡಿದಿಲ್ಲ. ನಾನು ಮುಂದೆ ಬಂದೆನೋ, ಹಿಂದೆ ಹೋದೆನೋ? ನೀವೇ ಹೇಳಿ."

ಮೇಡಂ ಪಟ್ಟಿಯಲ್ಲಿ ಬೆರಳಾಡಿಸಿದರು. ಹೌದು, ಇಲ್ಲ, ಹೇಳಲಾರೆ ಅಂತ ಮೂರೇ ಚೌಕ ಇದ್ದವು.

"ಇವರು ಹೋಗ್ಲಿ, ಆಮೇಲೆ ನಿನಗಿದೆ ಮಾರಿಹಬ್ಬ," ಎಂದು ಸೂಪರ್‌ವೈಸರ್ ಅವಳ ಕಿವಿಯಲ್ಲಿ ಉಸುರಿದ.

ಕಾಲರಕ್ಕನ ಕೆಲಸವಂತೂ ಹೋದ ಹಾಗೆಯೇ. ಹೋಗುವುದು ಹೋಗಿಯೇ ಹೋಗುತ್ತದೆ ಅಂದಮೇಲೆ ಉಚ್ಚೆ ಬಿಗಿಹಿಡಿದು ಕೂರುವುದು ಯಾವ ಸುಖಕ್ಕೆ? ಮೆಷಿನ್ ನಿಲ್ಲಿಸಿ ಎದ್ದಳು. ಸಾಲುಗಳ ನಡುವೆ ಸೆರಗು ಸಿಕ್ಕಿಸಿಕೊಂಡು, ಸಂತೆಗೆ ಹೊರಟವಳ ಹಾಗೆ ನಡೆದಳು.

ಹಿಂದೆ ಒಂದು ಮೆಷಿನ್ ನಿಂತಿತು. ಗುಂಡಿ ಹಾಕುವ ಅಜ್ಜಿಯದು. ಆಮೇಲೆ ತೋಳು ಕೂಡಿಸುವ ಏಳು ತಿಂಗಳ ಬಸುರಿಯದು. ಆಮೇಲೆ ಎಣಿಸುವುದು ಯಾರಿಗೂ ಆಗಲಿಲ್ಲ. ಫ್ಯಾಕ್ಟರಿಯಲ್ಲಿ ಫ್ಯಾನು ತಿರುಗುವ ಸದ್ದು ಮೊದಲ ಸಲ ಕೇಳಿಸಿತು.

ಸೂಪರ್‌ವೈಸರ್ ಓಡಿ ಬಂದು ಪಾಯಿಖಾನೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಕಾಲರಕ್ಕ ಅವನೆದುರು ಅಂಗೈ ಚಾಚಿದಳು. ಅವಳ ಬೆನ್ನ ಹಿಂದೆ ಹೆಂಗಸರ ಸಾಲು ಫ್ಯಾಕ್ಟರಿಯ ಹೆಬ್ಬಾಗಿಲಿನವರೆಗೂ ಬೆಳೆದಿತ್ತು.

"ಕೊಡಪ್ಪ," ಅಂದಳು.